ಏಳನೆಯ ಬಾನಿ

ಆ ಊರಿಗೆ ಹೋಗುವ ದಾರಿಯನ್ನು ನನ್ನ ಹತ್ತಿರ ಕೇಳಬೇಡಿ. ಕೇಳಿದವರಿಗೆಲ್ಲ ಒಂದೊಂದು ದಾರಿ ಹೇಳಿ ಕಳಿಸಿದ್ದೇನೆ. ಅವರಲ್ಲಿ ಒಬ್ಬರೂ ವಾಪಸು ಬಂದು ನನ್ನ ಕಪಾಳಕ್ಕೆ ಬಾರಿಸಿಲ್ಲ. ಅಂದರೆ ಒಂದೋ ಎಲ್ಲ ದಾರಿಗಳೂ ಸರಿ, ಇಲ್ಲವೇ ಎಲ್ಲರೂ ಇನ್ನೂ ನಡೆಯುತ್ತಿದ್ದಾರೆ. ನನ್ನ ಹೆಂಡತಿ ಆ ಊರಿನವಳು ಅಂತ ಒಂದು ಮದುವೆ ಊಟದಲ್ಲಿ ಹೇಳಿದ್ದೆ. ನನಗೆ ಮದುವೆಯಾಗಿಲ್ಲ. ಆದರೆ ಊರು ಇದೆ, ಬಾನಿಗಳು ಇವೆ, ಹಗ್ಗದ ಅಕ್ಕನ ಸಂಗತಿಯನ್ನು ನಡೆದದ್ದು ನಡೆದ ಹಾಗೇ ಹೇಳುತ್ತೇನೆ. ನಡುನಡುವೆ ಉಪ್ಪು ಹೆಚ್ಚಾಯಿತು ಅನ್ನಿಸಿದರೆ ನೀರು ಕುಡಿಯಿರಿ.

ಆ ಊರಿಗೆ ಇದ್ದದ್ದು ಒಂದೇ ಹಾಡು. ಮದುವೆಗೆ ಅದೇ, ಮಸಣಕ್ಕೆ ಅದೇ, ತೊಟ್ಟಿಲಿಗೆ ಅದೇ. 'ಕದ ತೆಗೆಯೆ ತಾಯೆ, ಬಲು ದೂರ ಬಂದೆ' ಅಂತ ಶುರುವಾಗುತ್ತದೆ. ಹಸೆಗೆ ಕೂತ ಹುಡುಗಿಗೂ ಅದು ಹೊಂದುತ್ತದೆ, ಚಟ್ಟದ ಮೇಲಿನ ಮುದುಕನಿಗೂ ಹೊಂದುತ್ತದೆ, ಆಗತಾನೇ ಹುಟ್ಟಿದ ಕೂಸಿಗೂ. ಎರಡನೆಯ ಹಾಡು ಯಾಕಿಲ್ಲ ಅಂತ ಕೇಳಿದರೆ ಅವರಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಎರಡನೆಯ ಆಕಾಶ ಯಾಕಿಲ್ಲ ಅಂತ ಕೇಳಿದ ಹಾಗೆ ಮುಖ ನೋಡುತ್ತಾರೆ.

ಊರ ನಡುವೆ ಚಾವಡಿ, ಚಾವಡಿಯಲ್ಲಿ ಏಳು ಕಲ್ಲಿನ ಬಾನಿ. ದನಕ್ಕೆ ಕಲಗಚ್ಚು ಸುರಿಯುವ ಬಾನಿಯಂಥವೇ, ಗೋಡೆ ಮಾತ್ರ ತೆಳ್ಳಗೆ. ಗುರುತಿನವರೆಗೆ ನೀರು ತುಂಬಿ ಕೋಲಿನಿಂದ ಬಡಿದರೆ ಒಂದೊಂದೂ ಒಂದೊಂದು ಸ್ವರ ನುಡಿಯುತ್ತದೆ. ಮೊದಲನೆಯದು ತಗ್ಗು, ಏಳನೆಯದು ಎತ್ತರ. ನೀವು ಅದಕ್ಕೆ ಸರಿಗಮಪದನಿ ಅನ್ನುತ್ತೀರಿ, ಅವರು ಒಂದನೆಯ ಬಾನಿ, ಎರಡನೆಯ ಬಾನಿ ಅನ್ನುತ್ತಾರೆ. ಒದ್ದೆ ಅಂಗೈಯನ್ನು ಅಂಚಿನ ಮೇಲೆ ಸುತ್ತಿಸುತ್ತ ಉಜ್ಜಿದರೆ ಅದೇ ಬಾನಿ ಗುಂಯ್ ಎಂದು ಬಿಡದೆ ನುಡಿಯುತ್ತಲೇ ಇರುತ್ತದೆ. ಹಾಗೆ ಉಜ್ಜಿ ಹಿಡಿಯುವುದಕ್ಕೆ ಒಬ್ಬ ಶ್ರುತಿಗಾರ ಇದ್ದ.

ಅವನು ಯಾವ ಬಾನಿಯನ್ನು ಹಿಡಿಯುತ್ತಾನೋ ಅದು ಆ ಹೊತ್ತಿನ ಮನೆ. ಹಾಡು ಏಳರ ಅಂಗಳದಲ್ಲೂ ಸುತ್ತಾಡಿ ಕೊನೆಗೆ ಆ ಮನೆಗೇ ಬಂದು ಕೂರಬೇಕು. ಬಾನಿ ಅವೇ, ನೀರು ಅದೇ, ಒಂದು ಸ್ವರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಆದರೆ ಮನೆ ಬದಲಾದರೆ ಹಾಡಿನ ಮುಖವೇ ಬದಲು. ಒಂದನೆಯದನ್ನು ಹಿಡಿದರೆ ಹಸೆಮಣೆ, ಹೊಸ ಕಾಳು, ನಗು. ನಾಲ್ಕನೆಯದನ್ನು ಹಿಡಿದರೆ ಕೂತವರ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಕೂಸಿಗೆ ಹೆಸರಿಡುವುದು ಅದರಲ್ಲೇ. ಮೂರನೆಯದರಲ್ಲಿ ಅದೇ ಹಾಡು ಗೋಡೆ ತಡವುತ್ತ ಬರುವ ಕುರುಡಿಯ ಹಾಗೆ ಬರುತ್ತದೆ. ಅದನ್ನು ಆಣೆ ಪ್ರಮಾಣಕ್ಕೆ ಮಾತ್ರ ಹಿಡಿಯುತ್ತಾರೆ, ಸುಳ್ಳು ಹೇಳುವವನ ನಾಲಗೆ ಒಣಗಲಿ ಅಂತ. ಆರನೆಯದು ಸಾವಿನದು. ಸಂಗೀತ ಬಲ್ಲವರು ಇದನ್ನು ಗ್ರಹಭೇದ ಎನ್ನುತ್ತಾರಂತೆ. ಅಲ್ಲಿಯ ಹೆಂಗಸರು 'ಮನೆ ಬದಲಿಸೋದು' ಅಂತಾರೆ, ಅಷ್ಟೆ.

ಹಾಡು ಯಾವ ಮನೆಯಲ್ಲಿ ಕೂತಿತೋ ಅದೇ ಆ ಊರಿನಲ್ಲಿ ನಿಜ. ಕೂರುವವರೆಗೆ ಯಾರೂ ಚಾವಡಿಯಿಂದ ಏಳುವ ಹಾಗಿಲ್ಲ. ಕೂತ ಮೇಲೆ ಯಾರೂ ಎದುರು ಮಾತಾಡುವ ಹಾಗಿಲ್ಲ. ಊರಿನ ಕಟ್ಟಳೆ ಇಷ್ಟೇ, ಇದನ್ನು ಕಾಯುವುದಕ್ಕೆ ಒಬ್ಬ ಚಾವಡಿಯ ಅಜ್ಜ.

ನನ್ನ ಕೆಲಸ ಬಾನಿಗಳಿಗೆ ನೀರು ತುಂಬುವುದು. ಅದು ಸಿಕ್ಕಿದ್ದು ತಂಟೆಯಿಂದ. ಒಂದು ಮದುವೆಯಲ್ಲಿ ಶ್ರುತಿಗಾರ ಒಂದನೆಯದನ್ನು ಹಿಡಿದಿದ್ದ. ನಾನು ಕಂಬದ ಹಿಂದೆ ಕುಕ್ಕರಗಾಲಲ್ಲಿ ಕೂತು ಒದ್ದೆ ಕೈಯಿಂದ ಆರನೆಯದನ್ನು ಮೆಲ್ಲಗೆ, ಬೆಕ್ಕಿನ ಬೆನ್ನು ನೇವರಿಸಿದ ಹಾಗೆ, ಉಜ್ಜುತ್ತ ಬಂದೆ. ಹಾಡಿನ ಒಂದು ಸ್ವರವೂ ಬದಲಾಗಲಿಲ್ಲ. ಆದರೆ ಮದುಮಗಳ ಸೋದರತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಬೀಗರು ಒರೆಸಿಕೊಂಡರು. ಬಡಿಸುವುದಕ್ಕೆ ಬಂದವನೊಬ್ಬ ಪಾಯಸದ ಕೊಳಗ ಇಳಿಸಿ, "ಯಾರು ಹೋಗಿಬಿಟ್ರು?" ಅಂತ ಕೇಳಿದ. ಆಗ ನನಗೆ ನಗು ತಡೆಯಲಾಗಲಿಲ್ಲ, ಸಿಕ್ಕಿಬಿದ್ದೆ. ಶ್ರುತಿಗಾರ ಮೈಯೆಲ್ಲ ಭಾರ ಬಿಟ್ಟು ಉಜ್ಜಿ ಹಾಡನ್ನು ಒಂದಕ್ಕೇ ಎಳೆದು ತಂದು ಕೂರಿಸಿದ. ಇಲ್ಲದಿದ್ದರೆ ಆ ಮದುಮಗ ಬದುಕಿರುವಾಗಲೇ ತಿಥಿ ಊಟ ಉಣ್ಣಬೇಕಾಗುತ್ತಿತ್ತು. "ಒದ್ದೆ ಕೈ ಅಂದ್ರೆ ಇವನಿಗಷ್ಟು ಪ್ರೀತಿ ಇದ್ರೆ ಒದ್ದೆಯಾಗೇ ಇರ್ಲಿ" ಅಂದ ಅಜ್ಜ. ಅಂದಿನಿಂದ ನಾನು ಊರಿಗೆಲ್ಲ ನೀರಣ್ಣ.

ಏಳನೆಯ ಬಾನಿಗೂ ನೀರು ತುಂಬುತ್ತಿದ್ದೆ, ಆದರೆ ಕಣ್ಣಂದಾಜಿನಲ್ಲಿ. ಅದನ್ನು ಹಾಡು ಹಾದುಹೋಗುವಾಗ ಬಡಿಯುತ್ತಾರೆ, ಉಜ್ಜುವುದಿಲ್ಲ. ಯಾಕೆಂದರೆ ಯಾವ ಬಾನಿಯನ್ನು ಮನೆ ಮಾಡಿದರೂ ಅದರಿಂದ ಎಣಿಸಿ ಐದನೆಯದು ಅದಕ್ಕೆ ಊರುಗೋಲು. ಹಾಡು ದಣಿದಾಗ ಅದರ ಮೇಲೆ ಮೈ ಊರಿ ನಿಲ್ಲುತ್ತದೆ, ಆಮೇಲೆ ಮನೆಗೆ ಬರುತ್ತದೆ. ಆರು ಬಾನಿಗಳಿಗೂ ಊರುಗೋಲು ಸರಿಯಾಗಿದೆ. ಏಳು, ಮತ್ತೆ ಒಂದು, ಎರಡು ಅಂತ ಏಳನೆಯದರಿಂದ ಸುತ್ತಿ ಎಣಿಸಿದರೆ ಬರುವುದು ನಾಲ್ಕನೆಯ ಬಾನಿ, ಅದು ಗೇಣು ಗಿಡ್ಡ. ಅದರ ಮೇಲೆ ಊರಿದ ಹಾಡು ಮುಗ್ಗರಿಸುತ್ತದೆ. 'ಏಳನೆಯದು ಮನೆಯಲ್ಲ, ಹೊಸಿಲು' ಅಂತ ಊರಿನ ಮಾತು. ಹೊಸಿಲ ಮೇಲೆ ಕೂರಬಾರದು ಅಂತ ನಿಮ್ಮ ಅಜ್ಜಿಯೂ ಹೇಳಿರಬೇಕಲ್ಲ. ತಲೆಮಾರುಗಟ್ಟಲೆ ಉಜ್ಜಿ ಆರು ಬಾನಿಗಳ ಅಂಚು ಬೆಣ್ಣೆಯಾಗಿತ್ತು. ಏಳನೆಯದರ ಅಂಚು ಉಳಿಯೇಟು ಬಿದ್ದ ದಿನ ಹೇಗಿತ್ತೋ ಹಾಗೇ ಗರಗಸ.

ಈಗ ಹಗ್ಗದವರ ವಿಷಯ. ಅಕ್ಕ, ತಂಗಿ, ಇಬ್ಬರೇ ಆ ಮನೆಯಲ್ಲಿ. ಊರಿನ ಬಾವಿ ಪಾತಾಳಕ್ಕಿತ್ತು, ಅದಕ್ಕೆ ಹಗ್ಗ ಇವರದ್ದೇ. ಅಕ್ಕ ಬಾಗಿಲ ಮುಂದೆ ಕೂತು ರಾಟೆ ತಿರುಗಿಸುವಳು. ತಂಗಿ ಸೊಂಟಕ್ಕೆ ನಾರು ಸುತ್ತಿಕೊಂಡು, ನಾರು ಬಿಡುತ್ತ ಬಿಡುತ್ತ ಹಿಂದೆ ಹಿಂದೆ ನಡೆಯುವಳು. ಹುರಿ ಬೆಳೆದಷ್ಟೂ ಅವಳು ದೂರ. ಬೀದಿ ಮುಗಿದು ಊರು ಮುಗಿದು, ಆಚೆಗೆ ಬಿಳಿ ಬಯಲು. ಆ ಬಯಲಿನಲ್ಲಿ ಮಂಜೋ ಉಪ್ಪೋ ಹೊಗೆಯೋ, ಏನೋ ಒಂದು ಬೆಳ್ಳಗೆ ಕವಿದಿರುತ್ತದೆ. ಒಂದು ಬೆಳಿಗ್ಗೆ ತಂಗಿ ಹಿಂದೆ ನಡೆಯುತ್ತ ಆ ಬಿಳಿಯೊಳಗೆ ಹೋದಳು. ಹುರಿ ಬಿಗಿಯಾಗಿಯೇ ಇತ್ತು. ಆಮೇಲೆ ಸಡಿಲವಾಯಿತು. ಅಕ್ಕ ರಾಟೆ ಬಿಟ್ಟು ಎಳೆದಳು. ಎಳೆದಳು, ಎಳೆದಳು. ಕೊನೆ ಕೈಗೆ ಬಂತು. ಹರಿದಿರಲಿಲ್ಲ, ಗಂಟು ಬಿಚ್ಚಿರಲಿಲ್ಲ. ಸುಮ್ಮನೆ ಬಿಟ್ಟ ಹಾಗಿತ್ತು.

ಅಕ್ಕ ದಿನವೂ ಬಯಲಿನ ಅಂಚಿಗೆ ಹೋಗಿ ಕೂಗಿ ಬಂದಳು. ಊರವರೂ ಮೊದಮೊದಲು ಕೂಗಿದರು. ಆಮೇಲೆ ಅವರ ಗಂಟಲಿಗೆ ಬೇರೆ ಕೆಲಸ ಬಂತು.

ಹೋದವರನ್ನು ಹಾಡದ ಮನೆಗೆ ಆ ಊರಲ್ಲಿ ಬೆಂಕಿ ಕೊಡುವುದಿಲ್ಲ, ಉಪ್ಪು ಕೊಡುವುದಿಲ್ಲ. ತಾವೇ ಒಲೆ ಹಚ್ಚಿಕೊಂಡರೆ ಬಂದು ಆರಿಸುತ್ತಾರೆ. ಆ ಮನೆಯ ಕೆಲಸಕ್ಕೆ ಯಾರೂ ಕೈ ಜೋಡಿಸುವುದಿಲ್ಲ. ದ್ವೇಷ ಅಂತಲ್ಲ. ಆ ಮನೆ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ ಅವರಿಗೆ, ಮದುವೆ ಮನೆಯೋ ಸಾವಿನ ಮನೆಯೋ, ನಗಬೇಕೋ ತಲೆ ತಗ್ಗಿಸಬೇಕೋ. ಅಕ್ಕನ ಒಲೆ ಆರಿತು. ರಾಟೆ ನಿಂತಿತು, ಇನ್ನೊಂದು ತುದಿಗೆ ಜನ ಬೇಕಲ್ಲ. ಇತ್ತ ಬಾವಿಯ ಹಗ್ಗ ಸವೆದು ಎಳೆ ಎಳೆಯಾಯಿತು. ನಾನು ಕೊಡ ಎಳೆಯುವಾಗ ಉಸಿರು ಹಿಡಿದು ಎಳೆಯುತ್ತಿದ್ದೆ.

ಚಾವಡಿಯ ಅಜ್ಜ ಅವಳ ಬಾಗಿಲಿಗೆ ಬಂದ. ಹೊಸಿಲು ದಾಟಲಿಲ್ಲ. ನಾನು ಕೊಡ ಇಳಿಸಿ ಪಕ್ಕದಲ್ಲೇ ನಿಂತೆ, ಕಿವಿ ಇರುವುದು ಯಾಕೆ ಮತ್ತೆ.

"ಆರನೆಯದರಲ್ಲಿ ಹಾಡಿಸಿಬಿಡು ಮಗಳೇ" ಅಂದ. "ಬಾವಿ ಹಗ್ಗ ಇನ್ನೆಷ್ಟು ದಿನ ತಡೆಯುತ್ತೆ? ಹಾಡಿಸಿದ್ರೆ ನಾಳೆಯೇ ನಿನ್ನ ರಾಟೆಗೆ ಒಬ್ಬರು ಬರ್ತಾರೆ."

"ಅವಳು ಸತ್ತದ್ದನ್ನ ಯಾರು ನೋಡಿದ್ದಾರೆ ಅಜ್ಜ?"

"ಸರಿ, ಹಾಗಾದ್ರೆ ಒಂದನೆಯದರಲ್ಲಿ ಹಾಡಿಸು. ಬಯಲಾಚೆ ಯಾವುದೋ ಊರಲ್ಲಿ ಯಾರನ್ನೋ ಕಟ್ಟಿಕೊಂಡು ಚೆನ್ನಾಗಿದ್ದಾಳೆ ಅಂತ. ನಾವೂ ಒಂದು ಹೊತ್ತು ಸಿಹಿ ಉಣ್ತೀವಿ."

"ಅದನ್ನ ಯಾರು ನೋಡಿದ್ದಾರೆ?"

"ನೋಡೋದು ಯಾಕೆ? ಹಾಡು ಕೂತ ಮೇಲೆ ಆಯ್ತಲ್ಲ."

"ಅದಕ್ಕೇ ಹೆದರಿಕೆ" ಅಂದಳು ಅಕ್ಕ.

ಅವಳ ಹೆದರಿಕೆ ನಿಮಗೆ ಅರ್ಥವಾಗಬೇಕಾದರೆ ತಿರುಗಿ ಬಂದವನ ಕತೆ ತಿಳಿದಿರಬೇಕು. ಅವನೂ ಬಯಲಿಗೆ ಹೋದವನೇ. ಬಹಳ ಕಾದು, ಆರನೆಯದರಲ್ಲಿ ಹಾಡಿದರು. ಹಾಡು ಚೆನ್ನಾಗಿ ಕೂತಿತು. ಒಂದು ಸುಗ್ಗಿ ಕಳೆದ ಮೇಲೆ ಅವನು ಗಡ್ಡ ಬಿಟ್ಟುಕೊಂಡು ನಡೆದು ಬಂದ. ಯಾರೂ ಅವನನ್ನು ನೋಡಲಿಲ್ಲ. ನೋಡದವರ ಹಾಗೆ ನಟಿಸಿದರು ಅಂತ ತಿಳಿಯಬೇಡಿ. ಕಣ್ಣು ಅವನ ಮೇಲೆ ಬಿದ್ದು ಜಾರಿ ಗೋಡೆಗೆ ಹೋಗುತ್ತಿತ್ತು. ಅವನ ಹೆಂಡತಿ ಅಂಗಳದಲ್ಲಿ ಕಾಗೆಗೆ ಅನ್ನ ಇಟ್ಟು 'ಕಾ ಕಾ' ಅಂತ ಕರೆದಳು. ಅವನು ಎಲೆಯ ಪಕ್ಕದಲ್ಲೇ ನಿಂತು, "ನಾನೇ ಕಣೇ" ಅಂದ. ಅವಳು ಕಾಗೆ ಬರಲಿಲ್ಲವಲ್ಲ ಅಂತ ಅತ್ತು ಒಳಗೆ ಹೋದಳು. ಅವನು ಕೆಲವು ದಿನ ತಿಪ್ಪೆಯ ಹತ್ತಿರ ಕೂತಿದ್ದು ಮತ್ತೆ ಬಯಲಿಗೆ ನಡೆದ. ಇಷ್ಟೆಲ್ಲ ನಿನಗೆ ಹೇಗೆ ಕಂಡಿತು ಅಂತ ಕೇಳುತ್ತೀರಿ. ನನಗೂ ಕಾಣಲಿಲ್ಲ. ಆದರೆ ಆ ದಿನಗಳಲ್ಲಿ ನಾನು ತುಂಬಿಟ್ಟ ಕೊಡದಲ್ಲಿ ದಿನಾ ಒಂದು ಬೊಗಸೆ ಕಡಿಮೆಯಾಗುತ್ತಿತ್ತು.

ತಂಗಿಯನ್ನು ಆರರಲ್ಲಿ ಹಾಡಿದರೆ ಅವಳು ಬಂದರೂ ಕಾಣುವುದಿಲ್ಲ. ಒಂದರಲ್ಲಿ ಹಾಡಿದರೆ ಅವಳು ಸುಖವಾಗಿದ್ದಾಳೆ ಅನ್ನುವುದೇ ನಿಜವಾಗಿ, ಅವಳಿಗಾಗಿ ಬಯಲಲ್ಲಿ ಕೂಗುವ ನಾಲಗೆಯೇ ಹೊರಳುವುದಿಲ್ಲ, ಅಕ್ಕನದೂ ಸೇರಿ. ಹಾಡದಿದ್ದರೆ ಒಲೆಯಿಲ್ಲ. ಅಕ್ಕ ನೆನೆಸಿದ ಅವಲಕ್ಕಿ ತಿಂದುಕೊಂಡು ತೆಳ್ಳಗಾದಳು.

ಒಂದು ದಿನ ನಾನು ಬಾನಿಗಳಿಗೆ ನೀರು ಸುರಿಯುತ್ತಿರುವಾಗ ಚಾವಡಿಯ ಮೆಟ್ಟಿಲ ಹತ್ತಿರ ಬಂದು ನಿಂತಳು.

"ನೀರಣ್ಣ, ಒಂದು ಮಾತು."

"ನೂರು ಮಾತಾಡು, ಸಾಲ ಮಾತ್ರ ಕೇಳಬೇಡ" ಅಂದೆ. ನಗಲಿಲ್ಲ ಅವಳು. ಅವಳನ್ನು ನಗಿಸಬೇಕು ಅಂತ ನನಗೆ ಒಳಗೇ ಹಟ ಹುಟ್ಟಿತು. "ನೋಡು ಅಕ್ಕ, ನನ್ನ ಹತ್ತಿರ ಉಪಾಯ ಇದೆ. ಅಜ್ಜ ಹೇಳಿದ ಹಾಗೆ ಆರನೆಯದಕ್ಕೆ ಒಪ್ಪಿಕೋ. ಶ್ರುತಿಗಾರ ಆರನ್ನ ಹಿಡೀಲಿ. ನಾನು ಕಂಬದ ಹಿಂದೆ ಕೂತು ಕೆಳಗಿಂದ ಒಂದನ್ನ ಉಜ್ಜುತೀನಿ. ಹಾಡು ಅರ್ಧ ಅಲ್ಲಿ ಅರ್ಧ ಇಲ್ಲಿ ಕೂರುತ್ತೆ. ಅಜ್ಜನಿಗೆ ಸಾವು, ನಿನಗೆ ಮದುವೆ. ಹೇಗೆ?"

"ನಿನ್ನ ಕಳ್ಳ ಕೈ ಬೇಡ ನನಗೆ. ಕದ್ದು ಹಾಡಿಸಿದ್ರೆ ಅವಳು ಕದ್ದು ಬರಬೇಕಾಗುತ್ತೆ." ಅವಳು ಏಳನೆಯ ಬಾನಿಯ ಕಡೆಗೆ ಗದ್ದ ಎತ್ತಿದಳು. "ಅದಕ್ಕೆ ಗುರುತಿನವರೆಗೆ ನೀರು ಹಾಕಿದ್ದೀಯಾ?"

"ಅದಕ್ಕಾ? ಯಾರು ಕೇಳ್ತಾರೆ ಅಂತ ಒಂದು ಬೆರಳು ಕಡಿಮೆಯೇ ಹಾಕೋದು."

"ನಾಳೆ ಸರಿಯಾಗಿ ಹಾಕು."

ನಾನು ಕೊಡ ಕೆಳಗಿಟ್ಟೆ. "ಅಕ್ಕ, ಅದರಲ್ಲಿ ಹಾಡು ಕೂರೋದಿಲ್ಲ."

"ಗೊತ್ತು. ಅವಳೂ ಎಲ್ಲೂ ಕೂತಿಲ್ಲ" ಅಂದಳು. "ಇರೋದು ಹೇಗಿದೆಯೋ ಹಾಗೆ ಹಾಡೋದಕ್ಕೆ ನಿಮ್ಮೂರಲ್ಲಿ ಒಂದು ಬಾನಿಯೂ ಇಲ್ವಾ?"

ನಿಮ್ಮೂರು ಅಂದಳು. ಅವಳು ಹುಟ್ಟಿದ್ದು ಅಲ್ಲೇ.

ಮರುದಿನ ಏಳಕ್ಕೂ ನೀರು ಗುರುತಿಗೆ ತಂದೆ. ಆ ಗರಗಸದ ಅಂಚಿಗೆ ಒಂದಿಷ್ಟು ಎಣ್ಣೆ ಸವರಿದೆ. ಮಾಡಬೇಕು ಅಂತ ಮಾಡಿದ್ದಲ್ಲ, ಎಣ್ಣೆ ಕೈಯಲ್ಲಿತ್ತು.

ಹಗ್ಗದ ಅಕ್ಕ ಹಾಡಿಸುತ್ತಾಳೆ ಅಂತ ಸುದ್ದಿಯಾಗಿ ಊರೆಲ್ಲ ಚಾವಡಿಗೆ ಬಂದು ಕೂತಿತು. ಎಲ್ಲರ ಮುಖದಲ್ಲೂ ಗೆಲುವು. ಸಾವಿನ ಮನೆಗೆ ಬಂದವರ ಮುಖದಲ್ಲಿ ಅಷ್ಟು ಗೆಲುವನ್ನು ನಾನು ಕಂಡದ್ದು ಅದೇ ಮೊದಲು. ಅಲ್ಲಿಯ ಪದ್ಧತಿ ಏನೆಂದರೆ, ಮನೆಯವರು ಒಂದು ಚೊಂಬು ನೀರು ಹಿಡಿದು ಬಾನಿಗಳ ಸಾಲಿನ ಮುಂದೆ ನಡೆಯುತ್ತಾರೆ. ಯಾವುದಕ್ಕೆ ಸುರಿಯುತ್ತಾರೋ ಅದನ್ನು ಹಿಡಿಯಲೇಬೇಕು. ಶ್ರುತಿಗಾರ ಆರನೆಯದರ ಪಕ್ಕದಲ್ಲಿ ಆಗಲೇ ಮಂಡಿಯೂರಿ ಕೂತು ಕೈ ಒದ್ದೆ ಮಾಡಿಕೊಂಡಿದ್ದ. ಅಕ್ಕ ಒಂದನ್ನು ದಾಟಿದಳು. ಎರಡು, ಮೂರು ದಾಟಿದಳು. ಆರರ ಮುಂದೆ ಬಂದಾಗ ಹೆಂಗಸರು ಸೆರಗು ಬಾಯಿಗೆ ತಂದುಕೊಂಡರು. ಅವಳು ಅದನ್ನೂ ದಾಟಿ ಏಳನೆಯದಕ್ಕೆ ನೀರು ಸುರಿದಳು.

ಸುರಿದ ಸದ್ದು ಎಲ್ಲರಿಗೂ ಕೇಳಿಸಿತು. 

"ತಪ್ಪು ಕಡೆ ಸುರಿದೆ ಮಗಳೇ" ಅಂದ ಅಜ್ಜ.

"ಸರಿಯಾಗೇ ಸುರಿದಿದ್ದೀನಿ."

"ಅದು ಹೊಸಿಲು."

"ನಾನು ಹೊಸಿಲಲ್ಲೇ ಕೂತಿದ್ದೀನಿ ಅಜ್ಜ, ಅವಳು ಹೋದಾಗಿಂದ. ಸುರಿದದ್ದನ್ನ ಹಿಡೀಬೇಕು ಅನ್ನೋದು ನಿಮ್ಮ ಕಟ್ಟಳೆಯೇ. ಮೊದಲಿನ ಆರಕ್ಕೇ ಸುರೀಬೇಕು ಅಂತ ಯಾರೂ ಹೇಳಿಲ್ಲ."

ಅಜ್ಜ ಶ್ರುತಿಗಾರನ ಕಡೆ ನೋಡಿದ. ಶ್ರುತಿಗಾರ ನನ್ನ ಕಡೆ ನೋಡಿದ. ನಾನು ಮೇಲೆ ಜಂತೆ ಎಣಿಸಿದೆ. ಕೊನೆಗೆ ಅವನು ಮಂಡಿಯಲ್ಲೇ ಸರಿದು ಏಳನೆಯದರ ಅಂಚಿಗೆ ಅಂಗೈ ಇಟ್ಟು ಉಜ್ಜಿದ.

ಮೊದಲು ಕಲ್ಲು ಕೆರೆದ ಸದ್ದು. ಆಮೇಲೆ ಸ್ವರ ಎದ್ದಿತು. ಎಷ್ಟೋ ಕಾಲದಿಂದ ಹಾದುಹೋಗುವಾಗ ಒಂದೊಂದು ಏಟು ತಿಂದು ಸುಮ್ಮನಿದ್ದದ್ದು ಈಗ ಬಿಡದೆ ನುಡಿಯತೊಡಗಿತು. 'ಕದ ತೆಗೆಯೆ ತಾಯೆ' ಅಂತ ಅಕ್ಕ ಎತ್ತಿಕೊಂಡಳು, ಊರು ದನಿಗೂಡಿಸಿತು. ಅದೇ ಹಾಡು, ಹಾಲು ಕುಡಿಯುವಾಗಿನಿಂದ ಕೇಳಿದ ಹಾಡು. ಆದರೆ ಪ್ರತಿ ಹೆಜ್ಜೆಯ ಕೆಳಗೂ ನೆಲ ಅರ್ಧ ಗೇಣು ಆಚೆಗೆ ಸರಿದಿತ್ತು. ದಣಿದು ಊರುಗೋಲಿಗೆ ಬಂದಾಗ ಹಾಡು ನಾಲ್ಕನೆಯದರ ಮೇಲೆ ಊರಿ, ಮುಗ್ಗರಿಸಿ, ಎದ್ದು ಮತ್ತೆ ಮೊದಲಿನಿಂದ ಹೊರಟಿತು. ಕೊನೆಯ ಸಾಲು ಏಳನೆಯದಕ್ಕೆ ಬಂದರೂ ಅಲ್ಲಿ ಕೂರಲಾರದು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಮತ್ತೆ ಹಾಡಿದರು. ಮತ್ತೆ ಕೂರಲಿಲ್ಲ.

ಹಾಡು ಕೂರದೆ ಏಳುವ ಹಾಗಿಲ್ಲ. ಬಿಸಿಲು ಕಂಬದಿಂದ ಕಂಬಕ್ಕೆ ಸರಿಯಿತು. ಹೊತ್ತು ಪಡುವಣಕ್ಕೆ ಇಳಿದು ಗುಡ್ಡದ ನೆತ್ತಿಯ ಮೇಲೆ ನಿಂತುಬಿಟ್ಟಿತು. ಮುಳುಗಲಿಲ್ಲ. ಅದಕ್ಕೂ ಕಟ್ಟಳೆ ಗೊತ್ತಿತ್ತೋ ಏನೋ. ಹಾಲು ಕಟ್ಟಿದ ಹಸುಗಳು ಕೊಟ್ಟಿಗೆಗಳಲ್ಲಿ ಕೂಗಿದವು. ಕೂಸುಗಳು ಅತ್ತವು. ಹಸಿದವನೊಬ್ಬ ಸಾಲು ಸಾಲಿನ ನಡುವೆ, "ನನ್ನ ಹೆಂಡತಿ ಒಲೆ ಮೇಲೆ ಸಾರಿಟ್ಟು ಬಂದಿದ್ದಾಳೆ" ಅಂತ ಹಾಡಿನ ಮಟ್ಟಿನಲ್ಲೇ ಹೇಳಿದ. ಯಾರೂ ನಗಲಿಲ್ಲ. ನನ್ನನ್ನು ಬಿಟ್ಟು.

ಶ್ರುತಿಗಾರನ ಅಂಗೈ ಹರಿದು ಬಾನಿಯ ನೀರು ಕೆಂಪಗಾಯಿತು. ಅವನು ಉಸಿರು ತೆಗೆದುಕೊಳ್ಳುವುದಕ್ಕೆ ಕೈ ಎತ್ತಿದ. ಎತ್ತಿದ್ದೇ ತಡ, ಹಾಡು ಜಾರಿತು. ನೋಡಿ, ಹಿಡಿದ ಬಾನಿ ನಿಂತರೆ ಎಲ್ಲರ ಕಿವಿಯೂ ತಾನಾಗಿ ಒಂದನೆಯ ಮನೆಗೆ ಓಡುತ್ತದೆ. ಮೇವು ಮುಗಿಸಿದ ದನ ಕೊಟ್ಟಿಗೆಗೆ ಓಡಿದ ಹಾಗೆ, ಯಾರೂ ಹೊಡೆಯಬೇಕಾಗಿಲ್ಲ. ಜನರ ದನಿಯಲ್ಲಿ ಆಗಲೇ ಹಸೆಮಣೆಯ ನಗು ಮೂಡತೊಡಗಿತ್ತು. ಇನ್ನೊಂದು ಸಾಲು ಹೋಗಿದ್ದರೆ ಕೂತೇಬಿಡುತ್ತಿತ್ತು. ಅಕ್ಕನ ಮುಖ ಹಿಂಡಿದ ಬಟ್ಟೆಯ ಹಾಗಾಯಿತು. ನಾನು ಹೋಗಿ ಏಳನೆಯದಕ್ಕೆ ಕೈ ಹಾಕಿದೆ. ಎಣ್ಣೆ ಯಾವಾಗಲೋ ಆರಿತ್ತು, ಕಲ್ಲು ಕಚ್ಚಿತು. ಸ್ವರ ಮತ್ತೆ ಎದ್ದಿತು, ನಗು ಅಡಗಿತು.

"ತಂಟೆಕೋರ, ಬಿಡು ಅದನ್ನ" ಅಂತ ಅಜ್ಜ ಗದರಿದ.

"ಹಿಡಿಯೋನಿಗೆ ಕೈ ಹೋಗಿದೆ ಅಜ್ಜ. ಸುರಿದದ್ದನ್ನ ಹಿಡೀಬೇಕಲ್ಲ" ಅಂದೆ. ಕಟ್ಟಳೆಯನ್ನು ನಾನು ಪಾಲಿಸಿದ್ದು ಜನ್ಮದಲ್ಲಿ ಅದೊಂದೇ ಸಲ.

ನನ್ನ ಕೈಯೂ ಹರಿಯಿತು. ಆಗ ತಿರುಗಿ ಬಂದವನ ಹೆಂಡತಿ ಎದ್ದು ಬಂದಳು. ಎದ್ದು ಅಂದರೆ ಎದ್ದಲ್ಲ, ಏಳುವ ಹಾಗಿಲ್ಲವಲ್ಲ, ಕೂತಲ್ಲೇ ತೆವಳಿಕೊಂಡು ಬಂದಳು. ನನ್ನ ಕೈ ಪಕ್ಕಕ್ಕೆ ತಳ್ಳಿ ತನ್ನ ಕೈ ಇಟ್ಟಳು. ಅವಳ ಹಿಂದೆ ಇನ್ನೊಬ್ಬರು. ಒಬ್ಬೊಬ್ಬರಾಗಿ ತೆವಳಿ ಬಂದರು. ಯಾರ ಯಾರ ಮನೆಯಲ್ಲಿ ಏನೇನನ್ನು ಆರರಲ್ಲೋ ಒಂದರಲ್ಲೋ ಕೂರಿಸಿ ಮುಗಿಸಿದ್ದರೋ ನನಗೆ ಗೊತ್ತಿಲ್ಲ. ಯಾರೂ ಹೇಳಲಿಲ್ಲ. ಬಂದರು, ಉಜ್ಜಿದರು, ಕೈ ಹರಿದ ಮೇಲೆ ಮುಂದಿನವರಿಗೆ ಜಾಗ ಬಿಟ್ಟರು. ಹಾಡು ಸುತ್ತುತ್ತಲೇ ಇತ್ತು. ಹೊತ್ತು ಗುಡ್ಡದ ಮೇಲೆ ನಿಂತೇ ಇತ್ತು.

ಅಜ್ಜ ಅಕ್ಕನ ಹತ್ತಿರ ಬಗ್ಗಿ, ಈ ಸಲ ಗದರದೆ ಹೇಳಿದ. "ಆ ಕೂಸುಗಳನ್ನ ನೋಡು ಮಗಳೇ. ನೀನು ಹೂಂ ಅನ್ನು. ಕೈ ಎತ್ತಿಸ್ತೀನಿ. ಹಾಡು ತಾನಾಗಿ ಒಂದಕ್ಕೆ ಜಾರುತ್ತೆ. ಯಾರೂ ಏನೂ ಮಾಡಿದ ಹಾಗಾಗಲ್ಲ. ನಿನ್ನ ತಂಗಿ ಚೆನ್ನಾಗಿದ್ದಾಳೆ ಅಂತಾಗುತ್ತೆ. ಅದಕ್ಕಿಂತ ಏನು ಬೇಕು ನಿನಗೆ?"

ಅಕ್ಕ ನೋಡಿದಳು. ಅತ್ತು ಅತ್ತು ಸದ್ದು ಸತ್ತ ಕೂಸುಗಳನ್ನು ನೋಡಿದಳು, ಬಾನಿಯ ಕೆಂಪು ನೀರು ನೋಡಿದಳು. ಹೂಂ ಅನ್ನುತ್ತಾಳೆ ಅಂತಲೇ ನಾನು ತಿಳಿದೆ. ನಾನಾಗಿದ್ದರೆ ಅಂದಿರುತ್ತಿದ್ದೆ, ಯಾವಾಗಲೋ.

"ಬಾನಿ ಬಿಡಬೇಡಿ" ಅಂದಳು ಅವಳು. "ಹಾಡು ನಿಲ್ಲಿಸಿ."

"ಎಲ್ಲಿ ನಿಲ್ಲಿಸೋದು? ಇನ್ನೂ ಕೂತಿಲ್ಲ" ಅಂದ ಶ್ರುತಿಗಾರ.

"ಇಲ್ಲೇ. ಈ ಸಾಲಿನ ನಡುವೆ. ಅದು ನಿಂತೇ ಇರ್ಲಿ. ನಾವು ಏಳೋಣ."

"ಕೂರದ ಹಾಡಿಂದ ಎದ್ದವರು ಆಮೇಲೆ ಎಲ್ಲೂ ಕೂರೋದಿಲ್ಲ" ಅಂದ ಅಜ್ಜ. ಅದು ಬೆದರಿಕೆಯಲ್ಲ. ಅವನಿಗೆ ನಿಜವಾಗಿ ಭಯವಾಗಿತ್ತು.

"ಇರಬಹುದು ಅಜ್ಜ. ಆದರೆ ಅನ್ನ ಮಾಡಬಹುದು, ಹಾಲು ಕರೆಯಬಹುದು. ನಾನು ಇಷ್ಟು ದಿನ ಮಾಡಿದ್ದು ಅದೇ ಅಲ್ವಾ, ಕೂರದೆ."

ಹೇಳಿ ಅವಳು ಬಾಯಿ ಮುಚ್ಚಿ ಎದ್ದು ನಿಂತಳು. ಬಾನಿ ಗುಂಯ್ಗುಡುತ್ತಲೇ ಇತ್ತು. ಏನೂ ಆಗಲಿಲ್ಲ, ಮಾಡು ಕುಸಿಯಲಿಲ್ಲ. ಅವಳು ಮೆಟ್ಟಿಲಿಳಿದು ಹೋದಳು. ಮೊದಲು ಎದ್ದವರು ಹಾಲೂಡುವ ತಾಯಂದಿರು. ಆಮೇಲೆ ಸಾರಿನವನು. ಆಮೇಲೆ ಗುಂಪು ಗುಂಪಾಗಿ. ಎಲ್ಲರೂ ತುಳಿದ ಜಾಗ ನೋಡಿಕೊಂಡು, ಹೊಸದಾಗಿ ನಡೆಯುವುದನ್ನು ಕಲಿತವರ ಹಾಗೆ ಇಳಿದರು. ಕೊನೆಯವನು ಕಿವಿಗೆ ಬಟ್ಟೆ ತುರುಕಿಕೊಂಡು ಉಜ್ಜುತ್ತಿದ್ದು, ಚಾವಡಿ ಖಾಲಿಯಾದ ಮೇಲೆ ಕೈ ಎತ್ತಿ ಓಡಿದ. ಬಾನಿ ತಾನಾಗಿ ಸಣ್ಣಗಾಗಿ ನಿಂತಾಗ ಹಾಡನ್ನು ಒಂದಕ್ಕೆ ಜಾರಿಸುವುದಕ್ಕೆ ಅಲ್ಲಿ ಒಂದು ಕಿವಿಯೂ ಇರಲಿಲ್ಲ. ಆ ಕೊನೆಯವನು ನಾನೇ ಅಂತ ಹೇಳಿಕೊಂಡು ತಿರುಗಿದ್ದೇನೆ. ಶ್ರುತಿಗಾರನೂ ಹಾಗೇ ಹೇಳಿಕೊಂಡು ತಿರುಗುತ್ತಾನೆ.

ಹೊತ್ತು ಧೊಪ್ಪನೆ ಮುಳುಗಿತು.

ಊರು ಸುಖವಾಯಿತು ಅಂತ ನಾನು ಹೇಳಿದರೆ ನೀವು ನಂಬಬೇಡಿ. ಆಮೇಲಿನ ಮದುವೆಗಳಲ್ಲಿ ಹಾಡು ಒಂದರಲ್ಲಿ ಕೂತ ಮೇಲೂ ಜನ ಎದ್ದೇಳದೆ, ಇದು ಕೂತದ್ದು ಹೌದೋ ಅಲ್ಲವೋ ಅಂತ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ತಿರುಗಿ ಬಂದವನ ಹೆಂಡತಿ ಕಾಗೆಗೆ ಅನ್ನ ಇಡುವುದನ್ನು ಬಿಟ್ಟಳು, ಆದರೆ ಅವಳಿಗೆ ನಿದ್ದೆಯೂ ಬಿಟ್ಟುಹೋಯಿತು. ಅಕ್ಕನನ್ನು ಶಪಿಸಿದವರು ಕಡಿಮೆಯೇನಲ್ಲ. ಬೆಂಕಿ ಕೇಳುವುದಕ್ಕೆ ಅವಳು ಯಾರ ಮನೆಗೂ ಹೋಗಲಿಲ್ಲ. ಅವಳೇ ಕಲ್ಲು ಕುಟ್ಟಿ ಒಲೆ ಹಚ್ಚಿದಳು. ಊರಿನ ಮಾಡುಗಳ ಮೇಲೆ ಹೊಗೆ ಎದ್ದಾಗ ಅವಳ ಮಾಡಿನ ಮೇಲೂ ಎದ್ದಿತು. ಯಾರೂ ಬಂದು ಆರಿಸಲಿಲ್ಲ.

ಬಾವಿಯ ಹಗ್ಗ ಕೊನೆಗೂ ಹರಿಯಿತು. ಕೊಡ ಬಿದ್ದ ಸದ್ದು ಎಷ್ಟು ಹೊತ್ತಾದ ಮೇಲೆ ಕೇಳಿಸಿತು ಅಂದರೆ, ಅದರೊಳಗೆ ನಾನೊಂದು ಸುಳ್ಳು ಯೋಚಿಸಿ ಮುಗಿಸಿದ್ದೆ, ಕಳ್ಳರು ಕೊಯ್ದರು ಅಂತ. ಹೇಳಬೇಕಾಗಲಿಲ್ಲ. ಅಕ್ಕನ ರಾಟೆಯ ಇನ್ನೊಂದು ತುದಿಗೆ ಹೋಗುವುದಕ್ಕೆ ಇಡೀ ಊರಿನಲ್ಲಿ ಯಾರೂ ಒಪ್ಪಲಿಲ್ಲ. ಆ ತುದಿಯಿಂದ ಒಬ್ಬಳು ಹೋಗಿದ್ದಾಳೆ. ಹೋದಳೋ ಬಿಟ್ಟಳೋ ಎಂಬುದಕ್ಕೆ ಹಾಡಿನ ಆಧಾರವೂ ಇಲ್ಲ. ನನ್ನನ್ನೂ ಕೇಳಿದರು. ನನಗೆ ಸೊಂಟ ನೋವು ಅಂದೆ.

ಮರುದಿನ ಬೆಳಿಗ್ಗೆ ಚಾವಡಿಯ ಅಜ್ಜ ತಾನೇ ಬಂದ. ಹೊಸಿಲ ಮುಂದೆ ನಿಂತು, ಪಂಚೆ ಎತ್ತಿ ಕಟ್ಟಿ, "ನಾರು ಸುತ್ತು" ಅಂದ.

ಅಕ್ಕ ಅವನ ಸೊಂಟಕ್ಕೆ ನಾರು ಸುತ್ತಿದಳು. "ಇದು ಅವಳ ಜಾಗ ಅಜ್ಜ. ಬಂದ ದಿನ ಬಿಡಬೇಕು."

"ಬಿಡ್ತೀನಿ ಬಿಡು. ನನಗೇನು ಇದನ್ನ ಹೊತ್ಕೊಂಡು ಹೋಗೋ ಆಸೆಯಾ?"

ರಾಟೆ ತಿರುಗಿತು. ಅಜ್ಜ ಹಿಂದೆ ಹಿಂದೆ ನಡೆದ. ವಯಸ್ಸಾದವನು, ನಾರು ಒಂದೇ ಸಮ ಬಿಡುವುದಕ್ಕೆ ಬರಲಿಲ್ಲ, ಹುರಿ ಅಲ್ಲಲ್ಲಿ ಗಂಟುಗಂಟಾಯಿತು. ಬೀದಿ ಮುಗಿಯಿತು, ಊರು ಮುಗಿಯಿತು. ಬಿಳಿ ಬಯಲಿನ ಅಂಚಿಗೆ ಹಿಮ್ಮಡಿ ತಾಗಿದ್ದೇ ಅವನು ನಿಂತ.

"ಸಾಕೇನವ್ವ?" ಅಂತ ಅಷ್ಟು ದೂರದಿಂದ ಕೂಗಿದ.

"ಇನ್ನೊಂದು ಮಾರು" ಅಂತ ಅಕ್ಕ ಕೂಗಿದಳು. "ಹಾಗೇ, ಅಲ್ಲಿಂದ ಒಂದು ಸಲ ಅವಳನ್ನ ಕೂಗಿ ಅಜ್ಜ. ನನ್ನ ದನಿ ಒಳಗೆ ಅಷ್ಟು ದೂರ ಹೋಗಲ್ಲ."

 ಮುಗಿದವರನ್ನು ಮುಗಿದರು ಅಂತ ಹೇಳುವುದೇ ಜೀವನವಿಡೀ ಅಜ್ಜನ ಕೆಲಸವಾಗಿತ್ತು. ಯಾರನ್ನೂ ಅವನು ಕೂಗಿ ಕರೆದದ್ದು ಊರಿನವರಿಗೆ ನೆನಪಿಲ್ಲ. ಒಂದು ಕೈಯಲ್ಲಿ ಹುರಿ ಹಿಡಿದುಕೊಂಡೇ ಅವನು ಮೆಲ್ಲಗೆ ತಿರುಗಿ, ಬಿಳಿಯ ಕಡೆಗೆ ಮುಖ ಮಾಡಿ, "ಮಗಳೇ" ಅಂದ. ಕೇಳಿಸಿದ್ದು ಅವನಿಗೊಬ್ಬನಿಗೇ ಇರಬೇಕು. ಗಂಟಲು ಸರಿ ಮಾಡಿಕೊಂಡು ಮತ್ತೆ ಕೂಗಿದ. ಈ ಸಲ ಊರಿಗೆಲ್ಲ ಕೇಳಿಸಿತು, ರಾಗಿ ಬೀಸುತ್ತಿದ್ದವರು ಕೈ ನಿಲ್ಲಿಸಿದರು.

ಆಮೇಲೆ ಅವನು ಒಂದು ಕಿವಿಯ ಹಿಂದೆ ಅಂಗೈ ಒಡ್ಡಿ ನಿಂತ. ಅಕ್ಕ ರಾಟೆಯ ಮೇಲೆ ಕೈ ಇಟ್ಟು ನಿಲ್ಲಿಸಿದಳು, ಸದ್ದಾಗದಿರಲಿ ಅಂತ.